ಗಾಡಿ ದಿಢೀರನೆ ಕತ್ತಲಾದಾಗ

ಎಂಜಿನ್ ಕೆಡುವ ಮೊದಲು ಗಾಡಿ ಏನಾದರೊಂದು ಸೂಚನೆ ಕೊಡುತ್ತದೆ. ಹೊಗೆ ಕಪ್ಪಾಗುತ್ತದೆ, ಏರಿನಲ್ಲಿ ಎಳೆತ ಕಮ್ಮಿಯಾಗುತ್ತದೆ, ಎಲ್ಲೋ ಟಕಟಕ ಸದ್ದು ಶುರುವಾಗುತ್ತದೆ. ಕರೆಂಟು ಹೋಗುವುದು ಹಾಗಲ್ಲ. ನಿನ್ನೆ ಸಂಜೆ ಮನೆಯ ಮುಂದೆ ಸರಿಯಾಗಿಯೇ ನಿಲ್ಲಿಸಿದ ಹಳೆ ಪಿಕಪ್‌ಗೆ ಬೆಳಗ್ಗೆ ಕೀ ತಿರುಗಿಸಿದರೆ ಏನೂ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಹತ್ತುವುದಿಲ್ಲ, ಹಾರ್ನ್ ಒತ್ತಿದರೆ ಸದ್ದಿಲ್ಲ, ಸೆಲ್ಫ್ ‘ಟಕ್’ ಎನ್ನುವುದೂ ಇಲ್ಲ. ಓಡುತ್ತಿರುವಾಗಲೇ ಹೀಗಾದರೆ ಇನ್ನೂ ಕಷ್ಟ. ರಾತ್ರಿ, ಮಳೆ, ಘಾಟಿಯ ತಿರುವು. ಹೆಡ್‌ಲೈಟ್, ವೈಪರ್, ಮೀಟರ್ ಮೂರೂ ಒಟ್ಟಿಗೆ ಸತ್ತರೆ ಚಾಲಕನ ಕೈಯಲ್ಲಿ ಉಳಿಯುವುದು ಸ್ಟೀರಿಂಗ್ ಮತ್ತು ಬ್ರೇಕ್ ಮಾತ್ರ.

“ಬ್ಯಾಟ್ರಿ ಹೋಯ್ತು ಮಾರಾಯ್ರೆ” ಎನ್ನುವುದು ಕರಾವಳಿಯಲ್ಲಿ ಇಂಥ ಹೊತ್ತಿಗೆ ಬಾಯಿಗೆ ಬರುವ ಮೊದಲ ಮಾತು. ಬಯಲುಸೀಮೆಯಲ್ಲೂ ಇದಕ್ಕಿಂತ ಬೇರೆ ಮಾತು ಕೇಳುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ತರುತ್ತಾರೆ, ಕೂರಿಸುತ್ತಾರೆ, ಗಾಡಿ ಸ್ಟಾರ್ಟ್ ಆಗುತ್ತದೆ. ಹದಿನೈದು ದಿನ ಕಳೆದರೆ ಮತ್ತೆ ಅದೇ ಕಥೆ. ಇದರ ಗುಟ್ಟು ಸರಳ. ಬ್ಯಾಟರಿ ಬದಲಿಸುವವನು ತನ್ನ ಕೆಲಸದ ಭಾಗವಾಗಿಯೇ ಟರ್ಮಿನಲ್ ಬಿಚ್ಚಿ, ಉಜ್ಜಿ, ಬಿಗಿ ಮಾಡಿರುತ್ತಾನೆ. ಗಾಡಿಯನ್ನು ಎಬ್ಬಿಸಿದ್ದು ಆ ಉಜ್ಜಾಟ. ಹೆಸರು ಬಂದದ್ದು ಬ್ಯಾಟರಿಗೆ.

ಒಂದು ಬಲ್ಬು ಹೋದರೆ ದೋಷ ಆ ಬಲ್ಬಿನ ದಾರಿಯಲ್ಲಿದೆ. ಎಲ್ಲವೂ ಒಮ್ಮೆಲೇ ಹೋದರೆ ದೋಷ ಎಲ್ಲಕ್ಕೂ ಸೇರಿದ ದಾರಿಯಲ್ಲಿರಲೇಬೇಕು. ಈ ಒಂದು ತರ್ಕ ಹಿಡಿದರೆ ಹುಡುಕುವ ಜಾಗ ತಟ್ಟನೆ ಚಿಕ್ಕದಾಗುತ್ತದೆ. ಹಳೆ ಪಿಕಪ್‌ನಲ್ಲಿ ಎಲ್ಲಕ್ಕೂ ಸೇರಿದ ದಾರಿ ಬಹಳ ಉದ್ದವಿಲ್ಲ: ಬ್ಯಾಟರಿಯ ಎರಡು ಕಂಬಗಳು, ಅವಕ್ಕೆ ಕಚ್ಚಿಕೊಂಡ ಕ್ಲಾಂಪ್‌ಗಳು, ಮೈನಸ್‌ನಿಂದ ಚಾಸಿಸ್‌ಗೂ ಎಂಜಿನ್‌ಗೂ ಹೋಗುವ ಅರ್ಥ್ ಕೇಬಲ್, ಪ್ಲಸ್‌ನಿಂದ ಹೊರಟ ಮುಖ್ಯ ವೈರು, ಅದರ ಮೇಲಿನ ಮುಖ್ಯ ಫ್ಯೂಸ್, ಕೊನೆಗೆ ಇಗ್ನಿಷನ್ ಸ್ವಿಚ್. ದಿಢೀರ್ ಕತ್ತಲಿನ ಬಹುಪಾಲು ಪ್ರಕರಣಗಳು ಈ ಕೆಲವೇ ಅಡಿಗಳೊಳಗೆ ಮುಗಿಯುತ್ತವೆ.

ಮನೆಯ ಕರೆಂಟಿಗೆ ಹೋಗುವ ವೈರು, ಬರುವ ವೈರು ಎರಡೂ ಇರುತ್ತವೆ. ಗಾಡಿಯಲ್ಲಿ ಹೋಗುವ ವೈರು ಮಾತ್ರ ಇರುತ್ತದೆ, ವಾಪಸಾಗುವ ದಾರಿ ಗಾಡಿಯ ಕಬ್ಬಿಣವೇ. ಹೆಡ್‌ಲೈಟಿನಿಂದ ಹೊರಬಂದ ಕರೆಂಟು ಬಾಡಿ ಹಿಡಿದು, ಚಾಸಿಸ್ ಹಿಡಿದು, ಅರ್ಥ್ ಕೇಬಲ್ ಮೂಲಕ ಬ್ಯಾಟರಿಯ ಮೈನಸ್‌ಗೆ ಮರಳುತ್ತದೆ. ಎಂಜಿನ್ ಮಾತ್ರ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿಯೇ ಎಂಜಿನ್ ಮತ್ತು ಚಾಸಿಸ್ ನಡುವೆ ಹೆಣೆದ ತಾಮ್ರದ ಒಂದು ಪಟ್ಟಿ ಹಾಕಿರುತ್ತಾರೆ. ಎರಡು ಬೆರಳಗಲದ ಈ ಪಟ್ಟಿ ಎಣ್ಣೆ, ಮಣ್ಣು ಮೆತ್ತಿಕೊಂಡು ಯಾರ ಕಣ್ಣಿಗೂ ಬೀಳದೆ ಹತ್ತಾರು ವರ್ಷ ಅಲ್ಲೇ ಇರುತ್ತದೆ. ಅದರ ಎಳೆಗಳು ಒಂದೊಂದಾಗಿ ತುಂಡಾಗುವುದನ್ನೂ ಯಾರೂ ನೋಡುವುದಿಲ್ಲ.

ಪಟ್ಟಿ ಪೂರ್ತಿ ತುಂಡಾದರೆ ಆಗುವುದು ವಿಚಿತ್ರ. ಸೆಲ್ಫ್ ಮೋಟಾರ್ ಎಂಜಿನ್‌ಗೇ ಕಚ್ಚಿಕೊಂಡಿರುತ್ತದೆ. ಡೀಸೆಲ್ ಎಂಜಿನ್ನನ್ನು ತಿರುಗಿಸಲು ಅದು ಕೆಲವು ನೂರು ಆಂಪಿಯರ್ ಎಳೆಯುತ್ತದೆ. ಆ ಕರೆಂಟಿಗೆ ಮರಳುವ ರಾಜಮಾರ್ಗ ಇಲ್ಲದಿದ್ದರೆ ಸಿಕ್ಕ ಕಿರುದಾರಿ ಹಿಡಿಯುತ್ತದೆ. ಎಂಜಿನ್ನನ್ನೂ ಬಾಡಿಯನ್ನೂ ಮುಟ್ಟುವ ಬೇರೆ ಲೋಹ ಯಾವುದು? ಆಕ್ಸಲರೇಟರ್ ಕೇಬಲ್, ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕೇಬಲ್. ಕೀ ತಿರುಗಿಸಿದಾಗ ಆಕ್ಸಲರೇಟರ್ ಕೇಬಲ್‌ನ ಹೊದಿಕೆ ಕರಗಿ ಹೊಗೆಯೇಳುವುದನ್ನು ಹಳೆಯ ಆಟೋ ಎಲೆಕ್ಟ್ರಿಷಿಯನ್‌ಗಳು ಕಂಡಿರುತ್ತಾರೆ. ಗೊತ್ತಿಲ್ಲದವರು ಕೇಬಲ್ ಬದಲಿಸುತ್ತಾರೆ. ಹೊಸ ಕೇಬಲ್ಲೂ ಸುಡುತ್ತದೆ.

ಮೀನು ಸಾಗಿಸುವ ಪಿಕಪ್‌ಗಳಲ್ಲಿ ಈ ಅರ್ಥ್‌ನ ಗೋಳು ಎಲ್ಲಕ್ಕಿಂತ ಹೆಚ್ಚು. ಮಲ್ಪೆ ಬಂದರಿನಲ್ಲಿ ಮೀನು, ಐಸು ತುಂಬಿಕೊಂಡು ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿ, ಶಿವಮೊಗ್ಗದ ಕಡೆ ಹೋಗುವ ಗಾಡಿಯ ಕೆಳಗೆ ಒಮ್ಮೆ ಬಗ್ಗಿ ನೋಡಬೇಕು. ಕರಗಿದ ಐಸಿನ ಜತೆ ಉಪ್ಪುನೀರು ಟ್ರೇಯ ಸಂದುಗಳಿಂದ ಸೋರಿ ಚಾಸಿಸ್ ಮೇಲೆ ದಾರಿಯುದ್ದಕ್ಕೂ ತೊಟ್ಟಿಕ್ಕುತ್ತಿರುತ್ತದೆ. ಕೇಬಲ್ ತುದಿಯ ಲಗ್ ತಾಮ್ರದ್ದು, ಅದು ಕೂತ ಚಾಸಿಸ್ ಕಬ್ಬಿಣದ್ದು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅದೇ ಒಂದು ಪುಟ್ಟ ಬ್ಯಾಟರಿಯಾಗಿ ಕಬ್ಬಿಣವನ್ನು ತಿನ್ನತೊಡಗುತ್ತದೆ. ಬೋಲ್ಟು ಹೊರಗಿನಿಂದ ಬಿಗಿಯಾಗಿಯೇ ಕಾಣುತ್ತದೆ. ಬಿಚ್ಚಿದರೆ ಲಗ್‌ನ ಕೆಳಗೆ ಹಸಿರು ಕಿಲುಬು, ಅದರ ಕೆಳಗೆ ಪದರಪದರವಾಗಿ ಏಳುವ ತುಕ್ಕು. ಲೋಹಕ್ಕೆ ಲೋಹ ಮುಟ್ಟುವ ಜಾಗ ಕಡಲೆ ಕಾಳಿನಷ್ಟೂ ಉಳಿದಿರುವುದಿಲ್ಲ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಏರಿನಲ್ಲಿ ಹೆಡ್‌ಲೈಟು, ವೈಪರು ಎರಡೂ ಹಾಕಿಕೊಂಡು ಹೋಗುವಾಗ ಈ ಸಂದು ಕೈಕೊಟ್ಟರೆ ಅದಕ್ಕೆ ಬ್ಯಾಟರಿಯನ್ನು ದೂರಿ ಫಲವಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಬೇಕಾಗುತ್ತದೆ, ಆದರೆ ಹೈಸ್ಕೂಲಿನ ಓಮ್ ನಿಯಮ ಸಾಕು. ಕೆಟ್ಟ ಸಂದಿನಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ಮಾತ್ರ ತಡೆ ಇದೆ ಎಂದುಕೊಳ್ಳೋಣ. ಸಾಮಾನ್ಯ ಮಲ್ಟಿಮೀಟರ್‌ನಲ್ಲಿ ಇಷ್ಟು ಚಿಕ್ಕ ತಡೆ ಸೊನ್ನೆ ಎಂದೇ ಕಾಣುತ್ತದೆ. ಆ ಸಂದಿನ ಮೂಲಕ 300 ಆಂಪಿಯರ್ ಹರಿದರೆ 3 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಹನ್ನೆರಡರಲ್ಲಿ ಮೂರು ಹೋದರೆ ಸೆಲ್ಫ್‌ಗೆ ಸಿಗುವುದು ಒಂಬತ್ತು. ಬ್ಯಾಟರಿ ತಾನೂ ಅಷ್ಟಿಷ್ಟು ಕುಸಿದಿರುತ್ತದೆ. ಸೆಲ್ಫ್ ಗೊಣಗುತ್ತದೆ, ತಿರುಗುವುದಿಲ್ಲ. ಕಳೆದುಹೋದ ಆ ಶಕ್ತಿ ಸಂದಿನಲ್ಲೇ ಬಿಸಿಯಾಗಿ ಹೊರಬೀಳುತ್ತದೆ. ಹಾಗಾಗಿಯೇ ನುರಿತ ಎಲೆಕ್ಟ್ರಿಷಿಯನ್ ನಾಲ್ಕೈದು ಸೆಕೆಂಡು ಸೆಲ್ಫ್ ಹೊಡೆಸಿ, ಕೀ ಆಫ್ ಮಾಡಿಸಿ, ಒಂದೊಂದು ಕ್ಲಾಂಪಿನ ಮೇಲೂ ಬೆರಳಿಟ್ಟು ನೋಡುತ್ತಾನೆ. ಬಿಸಿಯಾದ ಜಾಗವೇ ಕೆಟ್ಟ ಜಾಗ.

ಈಗ ಅಗ್ಗಕ್ಕೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಒಳ್ಳೆಯ ಉಪಕರಣ. ಆದರೆ ಸತ್ತ ಗಾಡಿಯ ಮುಂದೆ ಬಹಳ ಜನರನ್ನು ದಾರಿ ತಪ್ಪಿಸಿದ್ದೂ ಅದೇ. ಮೀಟರ್ ತಾನು ಅಳೆಯುವ ವೈರಿನಿಂದ ಹೆಚ್ಚುಕಡಿಮೆ ಏನನ್ನೂ ಎಳೆಯುವುದಿಲ್ಲ; ಅದರೊಳಗಿನ ತಡೆ ಸಾಮಾನ್ಯವಾಗಿ 10 ಮೆಗಾ ಓಮ್, ಅಂದರೆ ಒಂದು ಕೋಟಿ ಓಮ್. ವೈರಿನ ನೂರು ಎಳೆಗಳಲ್ಲಿ ತೊಂಬತ್ತೊಂಬತ್ತು ಕೊಳೆತು ಒಂದೇ ಉಳಿದಿದ್ದರೂ ಮೀಟರ್ ‘12.6’ ಎಂದು ತೋರಿಸುತ್ತದೆ. “ಕರೆಂಟ್ ಬರ್ತಾ ಇದೆಯಲ್ಲ ಅಣ್ಣಾ” ಎಂದು ಕ್ಲೀನರ್ ಹುಡುಗ ಹೇಳುವುದು ಸುಳ್ಳಲ್ಲ. ಬರುತ್ತಿದೆ, ಆದರೆ ಕೆಲಸಕ್ಕೆ ಬರುವಷ್ಟಿಲ್ಲ. ಒಂದೇ ಎಳೆ ಉಳಿದ ಹಗ್ಗಕ್ಕೆ ಕರು ಕಟ್ಟಿದರೆ ನಿಲ್ಲುತ್ತದೆ, ಎತ್ತು ಕಟ್ಟಿದರೆ ಕಿತ್ತುಹೋಗುತ್ತದೆ. ಮೀಟರ್ ಕಟ್ಟಿ ನೋಡುವುದು ಕರುವನ್ನು.

ಹೆದ್ದಾರಿ ಬದಿಯ ತಗಡಿನ ಶೆಡ್ಡುಗಳಲ್ಲಿ ‘ಸೆಲ್ಫ್, ಡೈನಮೋ ರಿಪೇರಿ’ ಎಂದು ಬೋರ್ಡು ಹಾಕಿಕೊಂಡ ಹಳಬರ ಕೈಯಲ್ಲಿ ಇನ್ನೂ ಟೆಸ್ಟ್ ಲ್ಯಾಂಪ್ ಇರುವುದು ಈ ಕಾರಣಕ್ಕೇ. ಇಂಡಿಕೇಟರಿನ 21 ವಾಟ್ ಬಲ್ಬು, ಅದಕ್ಕೊಂದು ಹೋಲ್ಡರ್, ಎರಡು ಉದ್ದ ವೈರು, ಒಂದರ ತುದಿಗೆ ಮೊಸಳೆ ಕ್ಲಿಪ್. ಇಷ್ಟೇ. ಈ ಬಲ್ಬು ಉರಿಯಲು ಹತ್ತಿರ ಹತ್ತಿರ 2 ಆಂಪಿಯರ್ ಬೇಕು. ವೈರು ಗಟ್ಟಿಯಾಗಿದ್ದರೆ ಬೆಳ್ಳಗೆ ಉರಿಯುತ್ತದೆ, ದಾರಿ ಹಾಳಾಗಿದ್ದರೆ ಕೆಂಪಗೆ ಮಿಣುಕುತ್ತದೆ ಅಥವಾ ಹತ್ತುವುದೇ ಇಲ್ಲ. ಹಳೆಯ, ಎಲೆಕ್ಟ್ರಾನಿಕ್ಸ್ ಇಲ್ಲದ ಗಾಡಿಗೆ ಇದಕ್ಕಿಂತ ನಂಬಿಕಸ್ಥ ಸಾಧನ ಇಲ್ಲ ಎಂದರೆ ಹೆಚ್ಚಲ್ಲ. ಎಂಜಿನ್ ಕಂಟ್ರೋಲ್ ಯೂನಿಟ್ ಇರುವ ಹೊಸ ಗಾಡಿಗಳಲ್ಲಿ ಮಾತ್ರ ಈ ಲ್ಯಾಂಪನ್ನು ಸಿಕ್ಕ ಸಿಕ್ಕ ವೈರಿಗೆ ಚುಚ್ಚಬಾರದು. ಅಲ್ಲಿನ ಸೆನ್ಸರ್ ವೈರುಗಳು 2 ಆಂಪಿಯರ್ ತಾಳುವಂಥವಲ್ಲ.

ಇಷ್ಟು ತಿಳಿದ ಮೇಲೆ ರಸ್ತೆಬದಿಯಲ್ಲಿ ನಿಂತ ಗಾಡಿಯ ಹತ್ತಿರ ಬರೋಣ.

ಮೊದಲು ಜೀವ ಉಳಿಯಬೇಕು. ಕರೆಂಟಿಲ್ಲದ ಗಾಡಿಗೆ ಹಜಾರ್ಡ್ ಲೈಟೂ ಇಲ್ಲ, ಹಿಂದಿನ ಕೆಂಪು ದೀಪವೂ ಇಲ್ಲ. ಕತ್ತಲಲ್ಲಿ ಅದು ಹಿಂದೆ ಬರುವ ಲಾರಿಗೆ ಕಾಣದ ಗೋಡೆ. ಉರುಳುವ ವೇಗ ಇರುವಾಗಲೇ ಎಡಕ್ಕೆ ಪೂರ್ತಿ ಇಳಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಪ್ರತಿಫಲಿಸುವ ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಬೇಕು. ಮರದ ಸೊಪ್ಪು ಕಿತ್ತು ಹಾಕುವ ಪದ್ಧತಿ ಹಗಲಿಗೆ ಸರಿ, ರಾತ್ರಿಗೆ ಸಾಲದು. ಸುಟ್ಟ ವಾಸನೆ ಅಥವಾ ಹೊಗೆ ಇದ್ದರೆ ಹುಡುಕಾಟ ಆಮೇಲೆ. ಮೊದಲು ಬ್ಯಾಟರಿಯ ಮೈನಸ್ ಕ್ಲಾಂಪ್ ಬಿಚ್ಚಬೇಕು. ಅದಕ್ಕೊಂದು ಸ್ಪ್ಯಾನರ್ ಡ್ಯಾಶ್‌ಬೋರ್ಡಿನಲ್ಲೇ ಇರಲಿ, ಸೀಟಿನ ಕೆಳಗಿನ ಟೂಲ್ ಬಾಕ್ಸಿನ ತಳದಲ್ಲಿ ಬೇಡ.

ಆಮೇಲೆ ಬಾನೆಟ್ ಎತ್ತಿ ಎರಡೂ ಕ್ಲಾಂಪ್‌ಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುವುದು. ಕೈಯಲ್ಲಿ ಅಲುಗಿದರೆ ಅರ್ಧ ಉತ್ತರ ಸಿಕ್ಕಿತು. ಅಲುಗದಿದ್ದರೂ ಸಂದು ಚೆನ್ನಾಗಿದೆ ಎಂದಲ್ಲ, ಕಂಬಕ್ಕೂ ಕ್ಲಾಂಪಿಗೂ ನಡುವೆ ಕಣ್ಣಿಗೆ ಕಾಣದ ಕಪ್ಪು ಪದರ ಕೂತಿರಬಹುದು. ಇದನ್ನು ಹಿಡಿಯುವ ಉಪಾಯ ಬಹಳ ಚೆಂದ. ಹೆಡ್‌ಲೈಟ್ ಸ್ವಿಚ್ ಹಾಕಿ, ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಯ ಸೀಸದ ಕಂಬಗಳ ನಡು ತಲೆಗೇ ಒತ್ತಿ ಓದಬೇಕು. ಮತ್ತೆ ಅವೇ ಕಡ್ಡಿಗಳನ್ನು ಅರ್ಧ ಇಂಚು ಆಚೆ, ಕ್ಲಾಂಪುಗಳ ಮೇಲೆ ಇಟ್ಟು ಓದಬೇಕು. ಕಂಬದ ಮೇಲೆ 12.4, ಕ್ಲಾಂಪಿನ ಮೇಲೆ 4 ಅಥವಾ 5 ಬಂದರೆ, ಕಳೆದುಹೋದ ವೋಲ್ಟೆಲ್ಲ ಆ ಅರ್ಧ ಇಂಚಿನಲ್ಲಿದೆ. ಬಿಚ್ಚಿ, ಎಮರಿ ಪೇಪರಿನಲ್ಲಿ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಕೆಲಸ ಆಯಿತು. ಬಿಳಿ, ನೀಲಿ ಬೂಷ್ಟು ಬೆಳೆದಿದ್ದರೆ ಅಡುಗೆ ಸೋಡಾ ಕಲಸಿದ ಬಿಸಿನೀರು ಸಾಕು. ಅದು ಆಮ್ಲವನ್ನು ಕೊಲ್ಲುತ್ತದೆ. ನೀರು ಬ್ಯಾಟರಿಯ ಒಳಗೆ ಇಳಿಯದಂತೆ ಮುಚ್ಚಳಗಳು ಬಿಗಿಯಾಗಿರಬೇಕು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಈ ಕ್ರಮ ಮರೆತು ಪ್ಲಸ್ ಬಿಚ್ಚಲು ಹೋದರೆ ಸ್ಪ್ಯಾನರ್ ಬಾಡಿಗೆ ತಾಗಿದ ಕ್ಷಣ ನೂರಾರು ಆಂಪಿಯರಿನ ಕಿಡಿ ಏಳುತ್ತದೆ.

ಬ್ಯಾಟರಿ ನಿಜವಾಗಿಯೂ ಕೆಟ್ಟಿರಬಾರದೆಂದೇನಿಲ್ಲ. ಆರು ಕೋಶಗಳ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿದ್ದಾಗ ಸುಮಾರು 12.6 ವೋಲ್ಟ್ ಇರುತ್ತದೆ. 12.2 ಎಂದರೆ ಅರ್ಧ ಖಾಲಿ, 12ಕ್ಕಿಂತ ಕೆಳಗೆ ಎಂದರೆ ಹೆಚ್ಚುಕಡಿಮೆ ಬರಿದು. ಸೆಲ್ಫ್ ಹೊಡೆಯುವಾಗ ಕಂಬಗಳ ಮೇಲೆ 9.6ಕ್ಕಿಂತ ಕೆಳಗಿಳಿದರೆ ಅನುಮಾನಿಸಬಹುದು. ಕೋಶದಿಂದ ಕೋಶಕ್ಕೆ ಹೋಗುವ ಒಳಗಿನ ಸೀಸದ ಸೇತುವೆ ಬಿರುಕು ಬಿಟ್ಟರೆ ಒಳ್ಳೆಯ ಬ್ಯಾಟರಿಯೂ ಒಂದು ಕ್ಷಣದಲ್ಲಿ ಸಾಯುತ್ತದೆ. ಆಗ ಮೀಟರ್ 12.5 ತೋರಿಸಿ, ಹೆಡ್‌ಲೈಟ್ ಹಾಕಿದ ತಕ್ಷಣ ಸೊನ್ನೆಯ ಕಡೆ ಬೀಳುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಾನೆಟ್ಟಿನ ಕೆಳಗಿನ ಬಿಸಿ ಬ್ಯಾಟರಿಯ ಆಯುಷ್ಯವನ್ನು ಬೇಗ ಮುಗಿಸುತ್ತದೆ ಎನ್ನುವುದೂ ನಿಜ. ಇಷ್ಟಾದರೂ ಹೇಳಬೇಕಾದ್ದು ಒಂದೇ: ಕಂಬದ ಮೇಲೆ ಅಳೆಯದೆ ಬ್ಯಾಟರಿಗೆ ತೀರ್ಪು ಕೊಡಬಾರದು.

ಕ್ಲಾಂಪ್ ಸರಿ ಇದೆ, ಬ್ಯಾಟರಿ ಸರಿ ಇದೆ ಎಂದಾದರೆ ಮುಂದಿನದು ಅರ್ಥ್. ಇದಕ್ಕೆ ರಸ್ತೆಬದಿಯ ಪರೀಕ್ಷೆ ಅತಿ ಸುಲಭ. ಜಂಪ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಬರಿ ಲೋಹಕ್ಕೂ ಕಚ್ಚಿಸಿ ಕೀ ತಿರುಗಿಸುವುದು. ಸತ್ತ ಸೆಲ್ಫ್ ಎದ್ದರೆ ಅಪರಾಧಿ ಸಿಕ್ಕಿತು. ಮೀಟರಿನಲ್ಲೂ ನೋಡಬಹುದು: ಒಂದು ಕಡ್ಡಿ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್‌ಗೆ, ಆಮೇಲೆ ಸೆಲ್ಫ್ ಹೊಡೆಸುವುದು. ಅರ್ಥ್ ಗಟ್ಟಿಯಿದ್ದರೆ ಅರ್ಧ ವೋಲ್ಟಿನೊಳಗೆ ಇರುತ್ತದೆ. ಎರಡು, ಮೂರು ವೋಲ್ಟ್ ತೋರಿಸಿದರೆ ಪಟ್ಟಿ ಹೋಗಿದೆ ಅಥವಾ ಲಗ್ ಕೊಳೆತಿದೆ. ಅರ್ಥ್ ಕೆಡುವ ಮುನ್ಸೂಚನೆ ಹಿಂದಿನ ದೀಪಗಳಲ್ಲೂ ಸಿಗುತ್ತದೆ. ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ದೀಪವೂ ಮಿನುಗುವ, ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗುವ ಪಿಕಪ್‌ಗಳನ್ನು ನಮ್ಮ ರಸ್ತೆಗಳಲ್ಲಿ ದಿನವೂ ನೋಡುತ್ತೇವೆ. ಅದು ಬಲ್ಬಿನ ತಪ್ಪಲ್ಲ, ಹಿಂದಿನ ದೀಪದ ಅರ್ಥ್ ಹೋಗಿದೆ.

ಇನ್ನು ಪ್ಲಸ್ ಕಡೆ. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿಗೆ ಹೋಗುವ ಮುಖ್ಯ ವೈರಿನ ಆರಂಭದಲ್ಲೇ ಕೆಲವು ಗಾಡಿಗಳಲ್ಲಿ ದೊಡ್ಡ ಫ್ಯೂಸ್, ಹಳೆಯ ಹಲವು ಪಿಕಪ್‌ಗಳಲ್ಲಿ ಫ್ಯೂಸಿಬಲ್ ಲಿಂಕ್ ಇರುತ್ತದೆ. ಲಿಂಕ್ ಎಂದರೆ ಮುಖ್ಯ ವೈರಿಗಿಂತ ತೆಳುವಾದ, ಬೇಗ ಹೊತ್ತಿಕೊಳ್ಳದ ಹೊದಿಕೆಯ ಒಂದು ತುಂಡು ವೈರು. ಎಲ್ಲೋ ಶಾರ್ಟ್ ಆದರೆ ಗಾಡಿಯ ಬದಲು ತಾನು ಸುಟ್ಟುಕೊಳ್ಳುವುದು ಅದರ ಕೆಲಸ. ಕಷ್ಟವೇನೆಂದರೆ ಸುಟ್ಟರೂ ಹೊದಿಕೆ ಹಾಗೇ ಇರುತ್ತದೆ, ಒಳಗಿನ ತಾಮ್ರ ಮಾತ್ರ ಮಾಯ. ಎರಡೂ ತುದಿ ಹಿಡಿದು ಮೆಲ್ಲಗೆ ಎಳೆದರೆ ಗೊತ್ತಾಗುತ್ತದೆ: ಒಳಗೆ ತಾಮ್ರವಿದ್ದರೆ ವೈರು ಬಿಗಿಯಾಗಿ ನಿಲ್ಲುತ್ತದೆ, ಇಲ್ಲದಿದ್ದರೆ ಹೊದಿಕೆ ರಬ್ಬರಿನಂತೆ ಹಿಗ್ಗುತ್ತದೆ. ಅದರ ಜಾಗಕ್ಕೆ ಸಾದಾ ವೈರು ಸುತ್ತಿ ಹೊರಡುವುದು ಊರು ಮುಟ್ಟಿಸಬಹುದು, ಗಾಡಿಗೆ ಬೆಂಕಿಯನ್ನೂ ಮುಟ್ಟಿಸಬಹುದು.

ಫ್ಯೂಸಿನ ವಿಷಯದಲ್ಲಿ ನಮ್ಮಲ್ಲಿರುವ ಸಲಿಗೆ ನಿಜಕ್ಕೂ ಭಯ ಹುಟ್ಟಿಸುವಂಥದು. 10 ಆಂಪಿಯರಿನ ಕೆಂಪು ಫ್ಯೂಸ್ ಪದೇ ಪದೇ ಹೋಗುತ್ತದೆಂದು 20ರ ಹಳದಿ, ಅದೂ ಹೋದರೆ 30ರ ಹಸಿರು, ಕೊನೆಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ. ಫ್ಯೂಸ್ ಕಾಯುವುದು ಬಲ್ಬನ್ನಲ್ಲ, ವೈರನ್ನು. 10 ಆಂಪಿಯರಿನ ವೈರಿಗೆ 30ರ ಫ್ಯೂಸ್ ಹಾಕಿದರೆ ಮೊದಲು ಕರಗುವುದು ವೈರೇ.

ತಕ್ಕ ಫ್ಯೂಸಿಲ್ಲದೆ ಸದಾ ಕರೆಂಟಿರುವ ವೈರು ಎಂಥ ಅನಾಹುತ ಮಾಡೀತು ಎನ್ನುವುದಕ್ಕೆ ಅಮೆರಿಕದ ಒಂದು ಪ್ರಕರಣ ದೊಡ್ಡ ಉದಾಹರಣೆ. ಫೋರ್ಡ್ ಕಂಪನಿಯ ಎಫ್-150 ಪಿಕಪ್‌ಗಳಲ್ಲಿ ಬ್ರೇಕ್ ಒತ್ತಿದಾಗ ಕ್ರೂಸ್ ಕಂಟ್ರೋಲನ್ನು ಬಂದ್ ಮಾಡುವ ಒಂದು ಪುಟ್ಟ ಸ್ವಿಚ್ ಇತ್ತು. ಅದರ ಒಂದು ಬದಿಯಲ್ಲಿ ಬ್ರೇಕ್ ಆಯಿಲ್, ಇನ್ನೊಂದು ಬದಿಯಲ್ಲಿ ಕರೆಂಟು, ನಡುವೆ ತೆಳು ಪರದೆ. ಕೀ ತೆಗೆದರೂ ಆ ಸ್ವಿಚ್ಚಿಗೆ ಕರೆಂಟು ಇದ್ದೇ ಇರುತ್ತಿತ್ತು. ವರ್ಷಗಳು ಉರುಳಿದಂತೆ ಪರದೆ ಬಿರುಕು ಬಿಟ್ಟು ಆಯಿಲ್ ಕರೆಂಟಿನ ಕಡೆ ಇಳಿಯಿತು, ಒಳಗೆ ತುಕ್ಕು ಕೂತಿತು, ಬಿಸಿಯಾಯಿತು, ಮನೆಯ ಮುಂದೆ ನಿಂತ ಗಾಡಿಗಳು ತಾವಾಗಿಯೇ ಹೊತ್ತಿಕೊಂಡವು. 2005ರ ಸೆಪ್ಟೆಂಬರಿನಲ್ಲಿ ಒಂದೇ ಸಲಕ್ಕೆ 1994ರಿಂದ 2002ರವರೆಗಿನ ಮಾಡೆಲ್‌ಗಳ ಸುಮಾರು 38 ಲಕ್ಷ ಪಿಕಪ್ ಮತ್ತು ಎಸ್‌ಯುವಿಗಳನ್ನು ಕಂಪನಿ ವಾಪಸ್ ಕರೆಸಿತು. ಪರಿಹಾರವಾಗಿ ಹಾಕಿದ್ದು ಏನು? ಫ್ಯೂಸ್ ಇರುವ ಒಂದು ತುಂಡು ವೈರು.

ನಮ್ಮ ಪಿಕಪ್‌ಗಳಲ್ಲಿ ಇಂಥ ವೈರುಗಳನ್ನು ಕಂಪನಿ ಹಾಕುವುದಿಲ್ಲ, ಮಾಲೀಕರೇ ಹಾಕಿಸುತ್ತಾರೆ. ಮ್ಯೂಸಿಕ್ ಸಿಸ್ಟಮ್, ಎರಡು ಜೋರು ಹಾರ್ನು, ಕ್ಯಾಬಿನ್ ಸುತ್ತ ಬಣ್ಣದ ಎಲ್ಇಡಿ ಪಟ್ಟಿ, ಮುಂದೆ ಹೆಚ್ಚುವರಿ ಲೈಟು, ಎಲ್ಲಕ್ಕೂ ಇಗ್ನಿಷನ್ ಸ್ವಿಚ್ಚಿನ ಹಿಂದಿನಿಂದಲೋ ನೇರ ಬ್ಯಾಟರಿಯಿಂದಲೋ ವೈರು ಸುಲಿದು, ಸುತ್ತಿ, ಟೇಪ್ ಹಾಕಿ ಕರೆಂಟು ಎಳೆದಿರುತ್ತಾರೆ. ಹೆಡ್‌ಲೈಟಿನ ಲೆಕ್ಕವನ್ನೇ ನೋಡಿ. ಕಂಪನಿ ಕೊಟ್ಟ ಎರಡು 55 ವಾಟ್ ಬಲ್ಬುಗಳು ಸೇರಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ಬೆಳಕು ಸಾಲದೆಂದು 100 ವಾಟಿನ ಜೋಡಿ ಹಾಕಿದರೆ ಅದು ಹತ್ತಿರ ಹತ್ತಿರ 17 ಆಂಪಿಯರ್. ವೈರು ಅದೇ, ಸ್ವಿಚ್ಚಿನ ಒಳಗಿನ ತಾಮ್ರದ ಚುಕ್ಕಿ ಅದೇ. ಕೆಲವು ತಿಂಗಳಲ್ಲಿ ಸ್ವಿಚ್ಚಿನ ಪ್ಲಾಸ್ಟಿಕ್ ಕಂದಾಗುತ್ತದೆ, ಒಂದು ರಾತ್ರಿ ಎರಡೂ ದೀಪ ಒಟ್ಟಿಗೆ ಆರುತ್ತವೆ. ಕೀಯನ್ನು ಸ್ವಲ್ಪ ಒತ್ತಿ ಹಿಡಿದರೆ ಮಾತ್ರ ಡ್ಯಾಶ್‌ಬೋರ್ಡ್ ಬೆಳಗುತ್ತದೆ ಎನ್ನುವ ಗಾಡಿಗಳ ಇಗ್ನಿಷನ್ ಸ್ವಿಚ್ಚಿನ ಕಥೆಯೂ ಇದೇ. ಭಾರದ ಕರೆಂಟನ್ನು ರಿಲೇ ಮೂಲಕ ಹಾಯಿಸಿ, ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸ್ ಹಾಕಿಸಿದರೆ ಸ್ವಿಚ್ಚಿನ ಪಾಲಿಗೆ ಬರುವುದು ಅಲ್ಪ ಕರೆಂಟು ಮಾತ್ರ.

ಫ್ಯೂಸ್ ಹಾಕಿದ ಹಾಗೆಲ್ಲ ಹಾರುತ್ತಿದ್ದರೆ ಶಾರ್ಟ್ ಹುಡುಕಲು ಹಳಬರ ಒಂದು ಜಾಣ ವಿಧಾನವಿದೆ. ಸುಟ್ಟ ಫ್ಯೂಸಿನ ಜಾಗಕ್ಕೆ ಅದೇ 21 ವಾಟಿನ ಟೆಸ್ಟ್ ಲ್ಯಾಂಪನ್ನು ಸಿಕ್ಕಿಸುವುದು. ಶಾರ್ಟ್ ಇರುವವರೆಗೆ ಬಲ್ಬು ಪೂರ್ಣ ಬೆಳಕಿನಲ್ಲಿ ಉರಿಯುತ್ತದೆ. ಬಲ್ಬೇ ಕರೆಂಟನ್ನು ತಡೆಹಿಡಿಯುವುದರಿಂದ ಯಾವ ವೈರೂ ಸುಡುವುದಿಲ್ಲ. ಈಗ ನಿಧಾನವಾಗಿ ಒಂದೊಂದೇ ಕನೆಕ್ಟರ್ ಬಿಚ್ಚುತ್ತಾ, ವೈರಿನ ಕಟ್ಟನ್ನು ಅಲ್ಲಲ್ಲಿ ಅಲುಗಿಸುತ್ತಾ ಹೋಗಬೇಕು. ಎಲ್ಲಿ ಮುಟ್ಟಿದಾಗ ಬಲ್ಬು ಮಂಕಾಯಿತೋ ಅಲ್ಲೇ ಕಳ್ಳ. ಬಹಳಷ್ಟು ಸಲ ಅದು ವೈರಿನ ಕಟ್ಟು ಕ್ಯಾಬಿನ್ನಿನ ತಗಡನ್ನು ತೂರಿ ಬರುವ ರಂಧ್ರ. ಅಲ್ಲಿನ ರಬ್ಬರ್ ಬಳೆ ಒಣಗಿ ಬಿದ್ದುಹೋಗಿರುತ್ತದೆ, ತಗಡಿನ ಅಂಚು ವರ್ಷಗಟ್ಟಲೆ ವೈರನ್ನು ಗರಗಸದಂತೆ ಕೊಯ್ದಿರುತ್ತದೆ. ಇಲಿ ಕಡಿದ ವೈರು ಇನ್ನೊಂದು ಮಾಮೂಲಿ ಕಾರಣ, ಅದರಲ್ಲೂ ಕಾಳು, ಹಿಂಡಿ ಸಾಗಿಸುವ ಗಾಡಿಗಳಲ್ಲಿ.

ಓಡುವಾಗಲೇ ಕರೆಂಟು ಹೋದರೂ ಕೆಲವು ಹಳೆ ಡೀಸೆಲ್ ಗಾಡಿಗಳ ಎಂಜಿನ್ ಮಾತ್ರ ನಿಲ್ಲುವುದಿಲ್ಲ ಎನ್ನುವುದು ಹೊಸಬರಿಗೆ ಆಶ್ಚರ್ಯ. ಡೀಸೆಲ್‌ಗೆ ಕಿಡಿ ಬೇಕಿಲ್ಲ, ಒತ್ತಡದ ಬಿಸಿಯೇ ಸಾಕು. ಇಂಧನ ಚಿಮ್ಮಿಸುವ ಪಂಪ್ ಗೇರಿನಿಂದ ತಿರುಗುವ ಶುದ್ಧ ಯಂತ್ರ. ಈ ಪಂಪ್‌ಗಳಿಗೂ ಬೆಂಗಳೂರಿಗೂ ಹಳೆಯ ನಂಟು. 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿಯ ಆಡುಗೋಡಿ ಕಾರ್ಖಾನೆಯಿಂದ ಹೊರಬಂದ ಪಂಪ್‌ಗಳು ದೇಶದ ಲಾರಿ, ಟ್ರ್ಯಾಕ್ಟರ್, ಜೀಪುಗಳನ್ನು ದಶಕಗಳ ಕಾಲ ಓಡಿಸಿದವು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾದರೂ ಚಾಲಕರ ಬಾಯಲ್ಲಿ ಅದು ಮೈಕೋ ಪಂಪೇ. ಎಳೆದು ಎಂಜಿನ್ ನಿಲ್ಲಿಸುವ ಗುಂಡಿ ಇರುವ ಹಳೆಯ ಗಾಡಿಯಾದರೆ ಬ್ಯಾಟರಿ ಕಿತ್ತಿಟ್ಟರೂ ತಳ್ಳಿ ಸ್ಟಾರ್ಟ್ ಮಾಡಬಹುದು. ಕೀಯಿಂದ ನಿಲ್ಲಿಸುವ ಪಂಪ್ ಆದರೆ ಅದರ ಮೇಲೆ ಸೊಲೆನಾಯ್ಡ್ ಇರುತ್ತದೆ. ಕರೆಂಟು ಬಂದಾಗ ಇಂಧನದ ಬಾಗಿಲು ತೆರೆಯುವ ಬಗೆಯದಾದರೆ ಕರೆಂಟು ಹೋದಾಗ ಎಂಜಿನ್ನೂ ನಿಲ್ಲುತ್ತದೆ. ಇಂಧನ ಚಿಮ್ಮಿಸುವುದನ್ನು ಕಂಪ್ಯೂಟರ್ ನಡೆಸುವ ಕಾಮನ್ ರೈಲ್ ವ್ಯವಸ್ಥೆ ಬಂದ ಮೇಲಂತೂ ಎಲ್ಲವೂ ಕರೆಂಟಿನ ಮೇಲೆಯೇ.

ಚಾರ್ಜಿಂಗ್ ದೀಪದ ವಿಷಯ ಬೇರೆ ಹೇಳಬೇಕು, ಏಕೆಂದರೆ ಅಲ್ಲಿ ಬ್ರೇಕಿನ ಪ್ರಶ್ನೆಯೂ ಇದೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಇರಬೇಕು; ಇಲ್ಲದಿದ್ದರೆ ಡೈನಮೋ ಎಂದೇ ಕರೆಸಿಕೊಳ್ಳುವ ಆಲ್ಟರ್ನೇಟರ್ ಕೆಲಸ ಮಾಡುತ್ತಿಲ್ಲ. ಆಗ ದೀಪ, ವೈಪರ್ ಎಲ್ಲ ಬ್ಯಾಟರಿಯನ್ನೇ ತಿನ್ನುತ್ತವೆ. 70 ಆಂಪಿಯರ್-ಅವರ್ ಬ್ಯಾಟರಿಯಿಂದ 15 ಆಂಪಿಯರ್ ಎಳೆದರೆ ಕಾಗದದ ಮೇಲೆ ನಾಲ್ಕೂವರೆ ತಾಸು. ಹಳೆ ಬ್ಯಾಟರಿ ಅಷ್ಟು ಹೊತ್ತು ತಾಳುವುದಿಲ್ಲ. ನಮ್ಮ ಅನೇಕ ಡೀಸೆಲ್ ಪಿಕಪ್‌ಗಳಲ್ಲಿ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪ್ ಕೂತಿರುವುದು ಇದೇ ಆಲ್ಟರ್ನೇಟರಿನ ಬೆನ್ನ ಮೇಲೆ. ಬೆಲ್ಟ್ ತುಂಡಾದರೆ ಚಾರ್ಜಿಂಗ್ ಕೆಂಪು ದೀಪ ಹತ್ತುತ್ತದೆ, ಕೆಲವು ಸಲ ಬ್ರೇಕ್ ಒತ್ತಿದ ಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದೇ ಬೆಲ್ಟಿನಿಂದ ವಾಟರ್ ಪಂಪೂ ತಿರುಗುವುದಾದರೆ ಎಂಜಿನ್ ಕಾಯತೊಡಗುತ್ತದೆ. ಆ ಕೆಂಪು ದೀಪ ಕಂಡ ಮೇಲೂ ಲೋಡ್ ಹೊತ್ತು ಘಾಟಿ ಇಳಿಯುವುದು ಸಾಹಸವಲ್ಲ, ಅಪರಾಧ. ಪಂಪಿನ ಆಯಿಲ್ ಸೀಲ್ ಸೋರಿ ಆಲ್ಟರ್ನೇಟರಿನ ಒಳಗೆ ಎಣ್ಣೆ ಇಳಿದು ಕಾರ್ಬನ್ ಬ್ರಷ್‌ಗಳು ಮುಚ್ಚಿಹೋಗುವುದೂ ಉಂಟು. ಬ್ರಷ್ ಬದಲಿಸಿ ಸೀಲ್ ಬಿಟ್ಟರೆ ಕೆಲವೇ ವಾರಗಳಲ್ಲಿ ಗಾಡಿ ಮತ್ತೆ ಅದೇ ಶೆಡ್ಡಿಗೆ ಬರುತ್ತದೆ.

ಎರಡು ರೂಢಿಗಳನ್ನು ಬಿಡಲೇಬೇಕು. ಎಂಜಿನ್ ಓಡುವಾಗ ಬ್ಯಾಟರಿ ಕ್ಲಾಂಪ್ ಕಿತ್ತು ‘ಡೈನಮೋ ಸರಿ ಇದೆಯಾ’ ಎಂದು ನೋಡುವುದು ಒಂದು. ಹಳೆಯ ಕಾಲದ ನಿಜವಾದ ಡೈನಮೋಗೆ ನಡೆಯುತ್ತಿತ್ತೇನೋ. ಆಲ್ಟರ್ನೇಟರಿನಲ್ಲಿ ಆ ಕ್ಷಣ ವೋಲ್ಟೇಜ್ ಒಮ್ಮೆಲೇ ನೆಗೆದು ಒಳಗಿನ ಡಯೋಡುಗಳನ್ನೇ ಸುಡಬಹುದು. ಇನ್ನೊಂದು, ಬೇರೆ ಗಾಡಿಯಿಂದ ಕರೆಂಟು ಕೊಡುವಾಗ ಕೊನೆಯ ಕ್ಲಿಪ್ಪನ್ನು ಸತ್ತ ಬ್ಯಾಟರಿಯ ಮೈನಸ್‌ಗೇ ಕಚ್ಚಿಸುವುದು. ಬ್ಯಾಟರಿಯ ಬಾಯಲ್ಲಿ ಹೈಡ್ರೋಜನ್ ಅನಿಲ ಇರುತ್ತದೆ, ಕೊನೆಯ ಕ್ಲಿಪ್ ಕಿಡಿ ಹಾರಿಸುತ್ತದೆ. ಎರಡೂ ಸೇರಿದರೆ ಬ್ಯಾಟರಿ ಸಿಡಿದು ಆಮ್ಲ ಮುಖಕ್ಕೆ ಹಾರುತ್ತದೆ. ಆ ಕ್ಲಿಪ್ ಬ್ಯಾಟರಿಯಿಂದ ದೂರ, ಎಂಜಿನ್ನಿನ ಬರಿ ಲೋಹಕ್ಕೆ ಹೋಗಬೇಕು.

ಹಳೆ ಪಿಕಪ್ ಇಟ್ಟುಕೊಂಡು ತರಕಾರಿ, ಮೀನು, ಹಾಲು, ಇಟ್ಟಿಗೆ ಸಾಗಿಸಿ ಮನೆ ನಡೆಸುವವರಲ್ಲಿ ಒಂದು ಕೋರಿಕೆ. ಈ ಸಲ ಮುಂಗಾರು ಶುರುವಾಗುವ ಮೊದಲು ಗಾಡಿಯನ್ನು ಒಬ್ಬ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಯ್ದು ಅರ್ಥ್ ಕೇಬಲ್ ಎರಡೂ ಕಡೆ ಬಿಚ್ಚಿಸಿ, ಚಾಸಿಸ್ ಉಜ್ಜಿಸಿ, ಪಟ್ಟಿ ಹಳೆಯದಾಗಿದ್ದರೆ ಹೊಸದು ಹಾಕಿಸಿ. ಮುಂದೆಂದಾದರೂ ಗಾಡಿ ಕತ್ತಲಾಗಿ ಯಾರಾದರೂ “ಬ್ಯಾಟ್ರಿ ಬದಲಿಸ್ಬೇಕು” ಎಂದರೆ ದುಡ್ಡು ತೆಗೆಯುವ ಮುಂಚೆ ಇಷ್ಟು ಕೇಳಿ: “ಸೆಲ್ಫ್ ಹೊಡೆಯುವಾಗ ಕಂಬದ ಮೇಲೆ ಎಷ್ಟಿದೆ, ಅರ್ಥ್ ಕಡೆ ಎಷ್ಟು ಬೀಳುತ್ತಿದೆ, ಅಳೆದು ತೋರಿಸ್ತೀರಾ?”